ಕೂದಲು ಒಣಗುವ ತನಕ

ದಫೇದಾರ್ ಲಿಂಗರಾಜ್ ಕಾಲುವೆಯ ದಂಡೆಯ ಮೇಲೆ ನಿಂತು, ಬೈಕಿನ ಸೀಟನ್ನೇ ಮೇಜು ಮಾಡಿಕೊಂಡು ಬರೆದ: ‘ತಲೆಯಲ್ಲಿ ನಾಲ್ಕು ಇಂಚು ಉದ್ದದ ಕಪ್ಪು ನೇರ ಕೂದಲು.’ ಬರೆಯಲು ಅವನಿಗೆ ಅರ್ಧ ನಿಮಿಷ ಹಿಡಿಯಿತು. ಅದರಲ್ಲಿ ಒಂದು ಪದ ತಪ್ಪು. ಆ ಒಂದು ಪದದಿಂದ ಒಬ್ಬ ಮನುಷ್ಯ ಹೆಸರಿಲ್ಲದೆ ಮಣ್ಣಿಗೆ ಹೋದ.

ಹೆಣ ಎತ್ತುವುದು ನನ್ನ ಕಸುಬಲ್ಲ. ನನ್ನದು ಮೀನು. ಡ್ಯಾಮಿನ ಹಿನ್ನೀರಿನಲ್ಲಿ ಬಲೆ ಬಿಡುವವನು ನಾನು. ಆದರೆ ಟಿ.ಬಿ. ಡ್ಯಾಮಿನಿಂದ ಕಂಪ್ಲಿ ದಾಟಿ ಹರಿಯುವ ಕಾಲುವೆಯಲ್ಲಿ ಯಾರಾದರೂ ತೇಲಿಬಂದು ತೂಬಿನ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡರೆ ಠಾಣೆಯಿಂದ ಫೋನ್ ನನಗೇ ಬರುತ್ತದೆ. ‘ಹೊನ್ನೂರಪ್ಪ, ಜಲ್ದಿ ಬಾ.’ ಬೇರೆ ಯಾರೂ ಇಳಿಯುವುದಿಲ್ಲ. ಫೋಟೋ ಹೊಡೆಯುವವರು ಬೇಕಾದಷ್ಟು ಮಂದಿ ಇರುತ್ತಾರೆ.

ನೀರಲ್ಲಿದ್ದ ಹೆಣದ ತೋಳು ಹಿಡಿದು ಎಳೆಯಬಾರದು. ತೊಗಲು ಕೈಗವಸಿನ ಹಾಗೆ ಕಳಚಿ ಬರುತ್ತದೆ. ಬಟ್ಟೆ ಹಿಡಿದರೆ ಹರಿಯುತ್ತದೆ. ಕೂದಲು ಹಿಡಿಯಬೇಕು. ನನ್ನಪ್ಪ ಕಲಿಸಿದ್ದು ಇದನ್ನೇ: ಹಿಂದಿನಿಂದ ಹೋಗು, ಕೂದಲನ್ನು ಅಂಗೈಗೆ ಒಂದು ಸುತ್ತು ಸುತ್ತಿಕೋ, ಮುಖ ನೋಡಬೇಡ. ಹಾಗಾಗಿ ನನಗೆ ಯಾವ ಸತ್ತವರ ಮುಖವೂ ನೆನಪಿಲ್ಲ. ಕೂದಲು ಮಾತ್ರ ನೆನಪಿದೆ. ಎಣ್ಣೆ ಜಿಡ್ಡಿನದು, ಬಣ್ಣ ಹಚ್ಚಿದ್ದು, ಜ್ವರ ಬಂದು ಉದುರಿ ಉಳಿದದ್ದು, ಎಲ್ಲವೂ ನನ್ನ ಕೈಗೆ ಗೊತ್ತು.

ಅವತ್ತು ಮಧ್ಯಾಹ್ನ ಹನ್ನೆರಡು ಗಂಟೆ. ನಾಟಿಯ ಕಾಲ, ಕಾಲುವೆ ತುಂಬಿ ಹರಿಯುತ್ತಿತ್ತು. ಎರಡೂ ಕಡೆ ಗದ್ದೆ, ಒಂದು ನರಪಿಳ್ಳೆಯೂ ಇಲ್ಲ. ತುಂಬಿದ ಕಾಲುವೆ ಸದ್ದು ಮಾಡುವುದಿಲ್ಲ. ನಿಂತ ಹಾಗೆ ಕಾಣುತ್ತಾ ಕಾಲೆಳೆಯುತ್ತದೆ. ನಾನು ಇಳಿದು, ಹಿಂದಿನಿಂದ ಹೋಗಿ, ಕೂದಲು ಹಿಡಿದೆ. ದಂಡೆಗೆ ತಂದು ಬಿಡಲು ಹೋದರೆ ಅದು ಬೆರಳು ಬಿಡಲಿಲ್ಲ. ಎಡಗೈಯಿಂದ ಒಂದೊಂದೇ ಎಳೆ ಬಿಡಿಸಿಕೊಳ್ಳಬೇಕಾಯಿತು. ಅಂಥದ್ದು ನನಗೆ ಅದೇ ಮೊದಲು.

“ಮುಖಾ?” ಎಂದ ಲಿಂಗರಾಜ್, ಹತ್ತು ಮಾರು ದೂರದಿಂದ, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

“ಇಲ್ಲ ಸಾರ್. ಮೀನ ತಿಂದಾವ.”

“ಕೈ ಮ್ಯಾಲ ಹಚ್ಚಿಬೊಟ್ಟು?”

“ಇಲ್ಲ.”

“ಕೊರಳಾಗ ಏನರೆ?”

“ಕೊರಳಾಗ ಏನಿಲ್ಲ. ನಡದಾಗ ಉಡದಾರ ಒಂದ ಐತಿ.”

“ಅದು ನನಗೂ ಐತಿ. ಕೂದ್ಲಾ?”

ಕೂದಲು ಬಣ್ಣ ಬಳಿದ ಹಾಗೆ ಕುತ್ತಿಗೆಗೆ ಅಂಟಿಕೊಂಡಿತ್ತು, ನೀಟಾಗಿ, ಬಾಚಿದಂತೆ. ನಾನೂ ನೋಡಿದೆ. ನನಗೂ ನೇರವಾಗಿಯೇ ಕಂಡಿತು. ಅದನ್ನು ಬಚ್ಚಿಟ್ಟು ಎಲ್ಲಾ ಪಾಪ ಅವನ ತಲೆಗೆ ಕಟ್ಟುವುದಿಲ್ಲ. “ನೇರ” ಎಂದು ಅವನೇ ಹೇಳಿಕೊಂಡ, ಅವನೇ ಬರೆದ. ಗೂಡ್ಸ್ ಆಟೋ ಬಂತು.

ಮರುದಿನ ಮಧ್ಯಾಹ್ನ ಶವದ ಕೋಣೆಯ ಕೆಂಚಣ್ಣ ಫೋನ್ ಮಾಡಿದ. ವಯಸ್ಸಾದವನು, ಒಬ್ಬನೇ ಹೊರಳಿಸಲು ಆಗುವುದಿಲ್ಲ. ಡಾಕ್ಟರು ಬರುವವರಿದ್ದರು. ನಾನು ಹೋದಾಗ ಕೆಂಚಣ್ಣ ಚಹಾಕ್ಕೆ ಹೋಗಿದ್ದ. ಬಾಗಿಲು ತೆರೆದೇ ಇತ್ತು.

ಐಸು ಪೆಟ್ಟಿಗೆಗಳು ತುಂಬಿದ್ದರಿಂದ ಅವನನ್ನು ಕಲ್ಲಿನ ಮೇಲೆ ಮಲಗಿಸಿ, ಮುಖಕ್ಕೆ ಬಟ್ಟೆ ಹಾಕಿ, ತಲೆದಿಕ್ಕಿಗೆ ಟೇಬಲ್ ಫ್ಯಾನ್ ಇಟ್ಟಿದ್ದರು. ಫ್ಯಾನ್ ತಿರುಗುತ್ತಿರಲಿಲ್ಲ, ಕರೆಂಟ್ ಹೋಗಿತ್ತು. ಗಾಳಿ ಇರಲಿಲ್ಲ. ಹೊರಗೆ ಬಿಸಿಲು ಕಿವಿಯಲ್ಲಿ ಗುಂಯ್ ಎನ್ನುವಷ್ಟು.

ಟಿಕ್ ಎಂದಿತು.

ಹಲ್ಲಿ ಅಂದುಕೊಂಡೆ. ಗೋಡೆ ನೋಡಿದೆ, ಇರಲಿಲ್ಲ. ಮತ್ತೆ ಟಿಕ್. ಕಲ್ಲಿನ ಮೇಲೆ, ತಲೆಯ ಸುತ್ತ, ಒಣಗಿದ ಹೂಳಿನ ಚೂರುಗಳು ಬಿದ್ದಿದ್ದವು, ಸಾಸಿವೆ ಚೆಲ್ಲಿದ ಹಾಗೆ. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಬಿತ್ತು. ಹಣೆಯ ಕಡೆ ಬಟ್ಟೆಗೆ ಅಂಟಿಕೊಂಡಿದ್ದ ಒಂದು ಎಳೆಯ ತುದಿ ಮೆಲ್ಲಗೆ ಬಿಡಿಸಿಕೊಂಡಿತು. ಎದ್ದಿತು. ಅರ್ಧ ಸುತ್ತು ತಿರುಗಿ, ಯೋಚನೆ ಮಾಡುವವರ ಹಾಗೆ ನಿಂತು, ಮತ್ತೆ ಅರ್ಧ ಸುತ್ತು ತಿರುಗಿತು. ಆಮೇಲೆ ಕಿವಿಯ ಹತ್ತಿರದ್ದು. ಆಮೇಲೆ ನೆತ್ತಿಯದು. ನಿನ್ನೆ ಕುತ್ತಿಗೆ ತನಕ ಇದ್ದ ಕೂದಲು ಇವತ್ತು ಕಿವಿಯ ಮೇಲಕ್ಕೆ ಹೋಗಿತ್ತು. ಮೈ ಸತ್ತು ನಾಲ್ಕು ದಿನವಾಗಿತ್ತು. ತಲೆ ಮಾತ್ರ ಏಳುತ್ತಿತ್ತು.

ನನ್ನ ಬೆನ್ನು ಗೋಡೆಗೆ ತಾಗಿದ್ದು ಕೆಂಚಣ್ಣ ಒಳಗೆ ಬಂದಾಗಲೇ ನನಗೆ ಗೊತ್ತಾದದ್ದು.

“ಏನಲೇ, ದೆವ್ವ ಕಂಡವರಂಗ ನಿಂತಿ?”

“ಕೂದ್ಲ... ಎದ್ದಾವ.”

ಅವನು ಬಗ್ಗಿ ನೋಡಿದ. “ಗುಂಗುರು ಅಲ್ಲೇನಲೇ ಇದು. ತೊಯ್ದಾಗ ಮಕ್ಕೊಂತೈತಿ, ಒಣಗಿದ್ರ ಏಳ್ತೈತಿ. ಗುಂಗುರು ಅಂದ್ರ ಹಂಗ. ನೀ ನೀರಾಗಿಂದಷ್ಟ ನೋಡೀದಿ, ನಿನಗೇನು ಗೊತ್ತು.”

ಅವನು ಹೇಳಿದ್ದು ನಿಜ. ನಾನು ನೋಡಿದ ಕೂದಲೆಲ್ಲ ಒದ್ದೆಯದೇ. ಎಷ್ಟು ಜನರನ್ನು ಎತ್ತಿದ್ದೇನೆ! ಅವರಲ್ಲಿ ಎಷ್ಟು ಜನ ಪೇಪರಿನಲ್ಲಿ ಬೇರೆಯವರಾಗಿ ಬಂದರೋ. ಅದು ಹೊಳೆದ ಕೂಡಲೇ ಠಾಣೆಗೆ ಓಡಿದೆ.

“ಸಾರ್, ಆ ಕೂದ್ಲ ನೇರ ಅಲ್ಲ. ಗುಂಗುರು.”

“ಯಾವ ಕೂದ್ಲಲೇ?”

“ನಿನ್ನಿ ಹೆಣದ್ದು.”

“ನಿನ್ನಿ ನೇರ ಇತ್ತು. ನಾ ನೋಡೀನಿ, ನೀನೂ ನೋಡೀದಿ. ಇವತ್ತು ಗುಂಗುರಾತಾ? ನಡುವ ಎದ್ದು ಬ್ಯೂಟಿ ಪಾರ್ಲರಿಗೆ ಹೋಗಿ ಬಂತೇನು?”

ಠಾಣೆಯಲ್ಲಿದ್ದವರೆಲ್ಲ ನಕ್ಕರು.

“ತೊಯ್ದಿತ್ತು ಸಾರ್. ಒಣಗಿದ ಮ್ಯಾಲ ಎದ್ದೈತಿ. ಬಂದು ನೋಡ್ರಿ.”

“ಗುಂಗುರು ಅಂದ್ರ ಹೂಕೋಸು ಇದ್ದಂಗ ಇರಬೇಕು. ಚೂರು ಬಾಗಿದ್ದಕ್ಕೆಲ್ಲ ಗುಂಗುರು ಅನ್ನಂಗಿಲ್ಲ. ಏಳನೇತ್ತಗ ಸಾಲಿ ಬಿಟ್ಟಾವ ನೀನು, ನನಗ ಕನ್ನಡ ಕಲಸಾಕ ಬಂದೀಯೇನು?”

“ಒಂದು ಪದ ಸಾರ್. ತಿದ್ದಿದ್ರ ಏನಾಗ್ತೈತಿ?”

“ಪೇಪರಿಗೆ ಹೋಗೇತಿ. ಎಲ್ಲಾ ಠಾಣಿಗೂ ಹೋಗೇತಿ. ಪಂಚನಾಮಿದಾಗ ಒಂದು, ಪೇಪರಿನಾಗ ಒಂದು ಬಂದ್ರ ನಾಳೆ ಯಾವನರೆ ವಕೀಲ ಹೆಣಾನ ಬದಲಿ ಮಾಡ್ಯಾರ ಅಂತಾನ. ಆವಾಗ ಕೋರ್ಟಿಗೆ ನೀ ಬರ್ತೀಯಾ? ನಡಿ, ನಡಿ.”

ಬೈಕಿನ ನಂಬರ್ ತಪ್ಪಾದರೆ ತಿದ್ದುತ್ತಾರೆ. ಸಾಹೇಬರ ಹೆಸರಿಗೆ ಒಂದು ಕೊಂಬು ಕಡಿಮೆಯಾದರೆ ಹೊಸ ಹಾಳೆಯನ್ನೇ ತರಿಸುತ್ತಾರೆ. ದಿಕ್ಕಿಲ್ಲದೆ ತೇಲಿಬಂದವನ ತಲೆಗೂದಲು ಮಾತ್ರ ಒಮ್ಮೆ ಬರೆದರೆ ಹಂಪಿಯ ಬಂಡೆಯ ಮೇಲೆ ಕೊರೆದ ಹಾಗೆ! ಹೊರಗೆ ಬಂದು ಅವನ ಬೈಕಿಗೆ ಒದ್ದೆ. ಬೈಕು ಬಿತ್ತು. ಪದ ಬದಲಾಗಲಿಲ್ಲ.

ಮೂರು ದಿನ ಕಾದರು. ಯಾರೂ ಬರಲಿಲ್ಲ. ಡಾಕ್ಟರು ಒಂದು ಹಲ್ಲು ತೆಗೆದು ಪರೀಕ್ಷೆಗೆ ಕಳಿಸಿದರು. ಗದ್ದೆಗಳ ಬದಿಯ ಹಾಳು ಜಾಗದಲ್ಲಿ ಕೆಂಚಣ್ಣ ಉದ್ದಕ್ಕೆ ಒಂದು ಗುಣಿ ತೋಡಿದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಾತ ಇಳಿಸಿದೆವು. ಸುತ್ತಿದ್ದರ ಸಂದಿಯಿಂದ ಒಂದು ಎಳೆ ಕೂದಲು ಹೊರಗೆ ಬಂತು. ಕೆಂಚಣ್ಣ ಅದನ್ನು ಬೆರಳಿನಿಂದ ಒಳಗೆ ದೂಡಿದ. ಮತ್ತೆ ಬಂತು.

“ಇವಗ ಹೋಗಾಕ ಮನಸಿಲ್ಲ ನೋಡು” ಎಂದ. ನಗಲಿಲ್ಲ. ಬೇಗ ಬೇಗ ಮಣ್ಣೆಳೆದ.

ನಾಲ್ಕು ದಿನ ಕಳೆದ ಮೇಲೆ, ನಾನು ಮನೆ ಮುಂದೆ ಕೂತು ಹರಿದ ಬಲೆ ಕಟ್ಟುತ್ತಿದ್ದಾಗ, ಒಬ್ಬ ಹೆಂಗಸು ಬಂದಳು. ನಲವತ್ತರ ಮೇಲೆ ವಯಸ್ಸು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ದೂರದಿಂದ ನಡೆದು ಬಂದ ದಣಿವು ಕಾಲಲ್ಲಿತ್ತು, ಮುಖದಲ್ಲಿ ಮಾತ್ರ ಇರಲಿಲ್ಲ.

“ಹೊನ್ನೂರಪ್ಪ ಅಂದ್ರ ನೀನೇನಪ್ಪಾ? ಕಾಲವಿಗೆ ಇಳಿಯಾವ?”

“ಹೌದ್ರಿ. ಕುಂದ್ರಿ.”

ಅವಳು ಅಕ್ಕನಾಗಮ್ಮ, ಕಂಪ್ಲಿಯವಳು. ತಮ್ಮ ಸಿದ್ದಲಿಂಗೇಶ್, ಇಪ್ಪತ್ತೇಳು ವರ್ಷ, ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ತಾಯಿ ಸತ್ತಾಗ ಅವನು ಇನ್ನೂ ತೊಟ್ಟಿಲಲ್ಲಿದ್ದ, ಇವಳೇ ಸಾಕಿದ್ದು. ಹತ್ತು ಹನ್ನೊಂದು ದಿನದ ಹಿಂದೆ ಸ್ನಾನಕ್ಕೆಂದು ಕಾಲುವೆ ಕಡೆ ಹೋದವನು ಬಂದಿಲ್ಲ. ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗದ ಕರಡಿಗೆಯನ್ನು ಮನೆಯ ಗೂಟಕ್ಕೆ ಹಾಕಿಯೇ ಹೋಗಿದ್ದ.

“ಈಗ ಠಾಣಿಯಿಂದ ಬಂದೆ ತಮ್ಮಾ. ಒಂದು ಹೆಣ ಸಿಕ್ಕಿತ್ತಂತ. ದಫೇದಾರ್ರು ಓದಿ ಹೇಳಿದ್ರು: ನೇರ ಕೂದ್ಲ, ನಾಲ್ಕು ಇಂಚು. ಅಷ್ಟ ಕೇಳಿ ಅಲ್ಲೇ ನಕ್ಕುಬಿಟ್ಟೆ ನೋಡು. ನಮ್ಮ ಸಿದ್ದೂಂದು ಗುಂಗುರು. ಯಾವನ ಮಗನೋ ಪಾಪ, ನಮ್ಮಾವ ಅಲ್ಲ. ನಮ್ಮಾವ ಎಲ್ಯೋ ಅದಾನ.”

ನನ್ನ ಕೈಯಲ್ಲಿನ ಬಲೆ ನಿಂತಿತು.

“ಹಂಗರೆ ನನ್ನ ಕಡೀಗೆ ಯಾಕ ಬಂದ್ರಿ ಅಕ್ಕಾ?”

“ಮುಂದ ಯಾರರೆ ಸಿಕ್ರ ನೀ ಕೈಲೆ ನೋಡ್ತಿ ಅಂತಲ್ಲ, ಅದಕ್ಕ. ಗುಂಗುರು ಇದ್ರಷ್ಟ ನನಗ ಫೋನ್ ಹಚ್ಚು. ಇಲ್ಲಾಂದ್ರ ಬ್ಯಾಡ.” ಅವಳು ಚೀಲದಲ್ಲಿ ಕೈ ಹಾಕಿದಳು. “ಗುಂಗುರು ಅಂದ್ರ ಒಬ್ಬೊಬ್ಬರು ಒಂದೊಂದು ತಿಳಕೊಂಡಾರ. ಸಾಲ್ಯಾಗ ಮಾಸ್ತರು ಕುರಿ ಅಂತಿದ್ರು. ಕ್ಷೌರದಾವ ಇವನ ತಲಿಗೆ ಎರಡು ಕತ್ರಿ ಬೇಕು ಅಂತಿದ್ದ. ಹೆಣ್ಣು ನೋಡಾಕ ಹೋದ್ರ ಆ ಮನಿಯಾವ್ರು ‘ಹುಡುಗ ಛಲೋ ಅದಾನ, ಕೂದ್ಲ ಒಂದು ಗುಂಗುರು’ ಅಂದ್ರು, ಒಂದು ಕಣ್ಣಿಲ್ಲ ಅಂದಂಗ! ಅದ್ಯಾವುದೂ ಅಲ್ಲಪ್ಪಾ. ಎಳದ್ರ ಬರ್ತೈತಿ, ಬಿಟ್ರ ತನ್ನ ಮನಿಗೆ ಹೋಗ್ತೈತಿ. ಅದು ಗುಂಗುರು.”

ಚೀಲದಿಂದ ಅವನ ಬಾಚಣಿಗೆ ತೆಗೆದಳು. ಹಲ್ಲುಗಳ ನಡುವೆ ಏಳೆಂಟು ಕೂದಲು ಸುರುಳಿಯಾಗಿ ಕೂತಿದ್ದವು. ಮುಟ್ಟಿದೆ. ನನ್ನ ಬಲಗೈಗೆ ಒಮ್ಮೆಲೇ ಗೊತ್ತಾಯಿತು. ಗೊತ್ತಾಗಬಾರದಿತ್ತು.

ಸುಮ್ಮನಿದ್ದರೆ ಅವಳು ನಗುತ್ತಲೇ ಬಸ್ಸು ಹತ್ತುತ್ತಿದ್ದಳು. ಊರೂರು ತಿರುಗುತ್ತಾ, ಎಲ್ಯೋ ಅದಾನ ಎನ್ನುತ್ತಾ ಮುದುಕಿಯಾಗುತ್ತಿದ್ದಳು. ಆ ಲಿಂಗರಾಜ್ ಬರೆದ ಸುಳ್ಳಿನ ಮೇಲೆ ಒಬ್ಬಳು ಆಯುಷ್ಯ ಕಳೆಯಬೇಕೇ? ಬಾಯಿಂದ ಹೇಳಲು ಮಾತ್ರ ನನಗೆ ಧೈರ್ಯ ಬರಲಿಲ್ಲ. ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದೆ. ಬಾಚಣಿಗೆಯಿಂದ ಒಂದು ಕೂದಲು ಬಿಡಿಸಿ ನೀರಿಗೆ ಹಾಕಿ, ಎರಡು ಬೆರಳಿನಿಂದ ತೀಡಿ, ಕಟ್ಟೆಯ ಕಲ್ಲಿನ ಮೇಲೆ ಎಳೆದು ಅಂಟಿಸಿದೆ.

ನೇರ. ಗೆರೆ ಹೊಡೆದ ಹಾಗೆ.

“ಏನು ಮಾಡಾಕತ್ತಿ?” ಎಂದಳು. ಬಿಸಿಲಿಗೆ ಕಲ್ಲು ಕಾದಿತ್ತು. ಇಬ್ಬರೂ ಆ ಕೂದಲನ್ನೇ ನೋಡುತ್ತಾ ಕೂತೆವು. ಮೊದಲು ಒಂದು ತುದಿ ಕಲ್ಲು ಬಿಟ್ಟಿತು. ತಡವರಿಸಿತು. ಸುತ್ತಿಕೊಳ್ಳತೊಡಗಿತು. ಕೊನೆಗೆ ಇನ್ನೊಂದು ತುದಿಯೂ ಬಿಡಿಸಿಕೊಂಡು, ಗಾಳಿಯೇ ಇಲ್ಲದ ಆ ಹೊತ್ತಿನಲ್ಲಿ, ಅದು ಹುಳದ ಹಾಗೆ ಮುದುಡಿ ಕೂತಿತು. ನಾಲ್ಕು ಇಂಚು ಇದ್ದದ್ದು ಎರಡಾಯಿತು.

ಅಕ್ಕನಾಗಮ್ಮ ಅಳಲಿಲ್ಲ. ಕೂದಲನ್ನು ಕಲ್ಲಿನಿಂದ ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಆಮೇಲೆ, “ನೀ ಯಾಕ ಅದನ್ನ ನೀರಾಗ ಹಾಕಿದಿ?” ಎಂದಳು, ನಾನೇ ಕೊಂದ ಹಾಗೆ. ಬಾಚಣಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬೇರೆಯೇ ದನಿಯಲ್ಲಿ ಕೇಳಿದಳು:

“ಹೆಂಗ ಇಟ್ರಿ ಅವನ್ನ?”

“ಅಂದ್ರ?”

“ಕುಂದ್ರಿಸಿದ್ರೋ, ಮಲಗಿಸಿದ್ರೋ?”

ಅವಳ ಮಂದಿಯಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಕೊಡುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು. ಮಲಗಿಸಿ ಹೂಳುವುದೆಂದರೆ ಎಸೆದು ಬಂದ ಹಾಗೆ.

“ಮಲಗಿಸೀವ್ರಿ” ಎಂದೆ.

ಅವಳು ಎದ್ದು ನಿಂತಳು. “ಏಳು ತಿಂಗಳಿಗೆ ಕುಂದ್ರಾಕ ಕಲಿಸಿದಾಕಿ ನಾನು. ಮಲಗಿ ಹೋಗಬಾರದು ಅವ. ನಡಿ.”

ಠಾಣೆಯಲ್ಲಿ ಲಿಂಗರಾಜ್ ಅವಳನ್ನು ನೋಡಿ, “ಏನಮ್ಮಾ ಮತ್ತ ಬಂದ್ರಿ? ನಿಮ್ಮಾವ ಅಲ್ಲ ಅಂದ್ರಲ್ಲ?” ಎಂದ.

“ನಮ್ಮಾವ ಅದಾನ್ರಿ. ತೆಗೀರಿ.”

“ತೆಗ್ಯಾಕ ಅದೇನು ಹಗೇದ ಗುಂಡ್ಯಾಗಿನ ಜ್ವಾಳೇನಮ್ಮಾ? ಮ್ಯಾಲಿಂದ ಆರ್ಡರ್ ಬೇಕು. ದಾಖಲೆದಾಗ ನೇರ ಕೂದ್ಲ ಐತಿ, ನೀವು ಗುಂಗುರು ಅಂತೀರಿ. ಕಾಗದದ ಪ್ರಕಾರ ಇಬ್ರೂ ಬ್ಯಾರೆ ಬ್ಯಾರೆ ಮನುಷ್ಯಾರು. ಹಲ್ಲಿನ ರಿಪೋರ್ಟ್ ಬರಲಿ, ಆರು ತಿಂಗಳೋ ವರ್ಷಾನೋ.”

“ಅಲ್ಲೀತನಕ ಅವ ಮಲಗೇ ಇರಬೇಕೇನ್ರಿ?”

“ಬೇಕಂತ್ಲೇ ಬರದೀ ಅಲ್ಲೇನಲೇ ನೀನು!” ಎಂದು ನಾನು ಮೇಜು ಗುದ್ದಿದೆ. ದಫೇದಾರನಿಗೆ ಲೇ ಎಂದವನನ್ನು ಒಳಗೆ ಹಾಕಬಹುದು. ಇಬ್ಬರು ಪೇದೆಗಳು ಎದ್ದೂ ಬಿಟ್ಟರು. ಅಕ್ಕನಾಗಮ್ಮ ಮಾತ್ರ ನನ್ನ ಕಡೆ ನೋಡಲೂ ಇಲ್ಲ. ಲಿಂಗರಾಜನ ಲೋಟದ ನೀರಲ್ಲಿ ಒಂದು ಕೂದಲು ಅದ್ದಿ, ಅವನ ಮೇಜಿನ ಗಾಜಿನ ಮೇಲೆ, ಅವನ ಕಣ್ಣೆದುರಿಗೇ ಅಂಟಿಸಿದಳು. “ನೋಡ್ರಿ” ಎಂದಳು. ಅಷ್ಟೇ.

ಫ್ಯಾನ್ ಆರಿಸಲು ಹೇಳಿದವನು ಲಿಂಗರಾಜನೇ. ಎಲ್ಲರೂ ಸುತ್ತ ನಿಂತರು. ಕೂದಲು ಏಳತೊಡಗಿದಾಗ ನಗುವವರಾರೂ ಇರಲಿಲ್ಲ. ಒಬ್ಬ ಪೇದೆ ಹಿಂದೆ ಸರಿದ.

“ನನ್ನ ಮಗಳು ಐಶ್ವರ್ಯಾಂದೂ ಇಂಥಾದ” ಎಂದ ಲಿಂಗರಾಜ್, ಮೆಲ್ಲಗೆ. “ಮುಂಜಾನಿ ಎರಕೊಂಡು ಬಂದಾಗ ನೇರ ಇರ್ತಾವ. ಸಾಲಿಂದ ಬರೂದ್ರಾಗ ಹೂಕೋಸು. ದಿನಾ ನೋಡ್ತೀನಿ.” ಆಮೇಲೆ ಮುಖ ಒರೆಸಿಕೊಂಡು, “ಹೆಣ ನೋಡೂವಾಗ ಮಗಳ ತಲಿ ನೆನಸ್ಕೊಳ್ಳಾಕ ಆಗ್ತೈತೇನಮ್ಮಾ?” ಎಂದ.

ಅವನ ಮೇಲಿನ ಸಿಟ್ಟು ನನಗೆ ಇಳಿಯಲಿಲ್ಲ. ಇಳಿಯಬಾರದು ಅಂದುಕೊಂಡೇ ನಿಂತಿದ್ದೆ. ಆದರೆ ಅರ್ಜಿ ಬರೆದವನು ಅವನೇ, ತಹಶೀಲ್ದಾರ್ ಸಾಹೇಬರ ಆಫೀಸಿಗೆ ಐದು ದಿನ ಅಲೆದವನೂ ಅವನೇ.

ಆರನೆಯ ದಿನ, ಮತ್ತೆ ಮಧ್ಯಾಹ್ನವೇ, ನಾವೆಲ್ಲ ಆ ಹಾಳು ಜಾಗದಲ್ಲಿ ಸೇರಿದೆವು. ಅಕ್ಕನಾಗಮ್ಮ, ಮಣ್ಣಿನ ಶಾಸ್ತ್ರ ಮಾಡಲು ಕಂಪ್ಲಿಯಿಂದ ಬಂದ ಕೊಟ್ರಯ್ಯ ಎಂಬ ಅಯ್ಯನವರು, ಲಿಂಗರಾಜ್, ಡಾಕ್ಟರು, ಆರ್ಡರು ಹಿಡಿದು ಬಂದ ಎಳೆಯ ವಯಸ್ಸಿನ ಆ ಸಾಹೇಬರು. ಪಕ್ಕದ ಗದ್ದೆಯ ನೀರು ಜಿನುಗಿ ನೆಲವೆಲ್ಲ ಹಸಿಯಾಗಿತ್ತು. ಕೆಂಚಣ್ಣನೂ ನಾನೂ ತೋಡಿದೆವು. ಮೇಲೆ ತಂದು ಹಲಗೆಯ ಮೇಲೆ ಇಟ್ಟಾಗ ಸಾಹೇಬರು ಬೇವಿನ ಮರದ ಹಿಂದಕ್ಕೆ ಹೋದರು. ಉಳಿದದ್ದನ್ನೆಲ್ಲ ಬಟ್ಟೆಯಿಂದ ಮುಚ್ಚಿದೆವು. ಮುಚ್ಚದೆ ಬಿಟ್ಟದ್ದು ತಲೆಯೊಂದನ್ನೇ. ಮೈ ಕೆಟ್ಟಿತ್ತು. ಕೂದಲು ಮಾತ್ರ ಕೆಟ್ಟಿರಲಿಲ್ಲ. ಕೆಸರು ಮೆತ್ತಿ ಒಂದು ಮುದ್ದೆಯಾಗಿತ್ತು.

ಅಕ್ಕನಾಗಮ್ಮ ಕೊಡದ ನೀರು ಸುರಿದು ತೊಳೆದಳು. ಕೆಸರು ಹೋಯಿತು. ಕೂದಲು ಉದ್ದಕ್ಕೆ ಇಳಿದು ಹಲಗೆಗೆ ಅಂಟಿಕೊಂಡಿತು.

ಸಾಹೇಬರು ದೂರದಿಂದಲೇ ಇಣುಕಿದರು. “ನೇರ ಕೂದಲೇ ಇದೆಯಲ್ರೀ? ದಾಖಲೆ ಸರಿಯಾಗೇ ಇದೆ.”

ನನ್ನ ಕೈಯಲ್ಲಿ ಗುದ್ದಲಿ ಇತ್ತು. ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅಕ್ಕನಾಗಮ್ಮ ಸೆರಗು ಸುತ್ತಿಕೊಂಡು ತಲೆಯ ಪಕ್ಕ ನೆಲದ ಮೇಲೆ ಕೂತಳು.

“ಕುಂದ್ರಿ ಸಾಹೇಬ್ರ. ಒಣಗಲಿ.”

“ಎಷ್ಟು ಹೊತ್ತಮ್ಮಾ?”

“ಸಣ್ಣಾವ ಇದ್ದಾಗ ಒಂದು ರೊಟ್ಟಿ ತಿನ್ನೂದ್ರಾಗ ಒಣಗತಿತ್ತು.”

ಕೂತೆವು. ಸಾಹೇಬರೂ ಕೂತರು. ಯಾರ ಫೋನೂ ರಿಂಗಾಗಲಿಲ್ಲ. ಗದ್ದೆಯ ಕಪ್ಪೆಗಳು ಕೂಗುವುದನ್ನು ನಿಲ್ಲಿಸಿದ್ದವು. ಬೇವಿನ ಒಂದು ಎಲೆಯೂ ಅಲ್ಲಾಡಲಿಲ್ಲ. ಬದುಕಿದ್ದವರು ಆರೇಳು ಮಂದಿ, ಸತ್ತವನೊಬ್ಬನ ತಲೆಯ ಸುತ್ತ, ಅವನು ಸ್ನಾನ ಮಾಡಿ ಬಂದಿದ್ದಾನೆ, ತಲೆ ಆರಲಿ, ಆಮೇಲೆ ಮಾತಾಡಿಸೋಣ ಎನ್ನುವ ಹಾಗೆ ಕಾಯುತ್ತಿದ್ದೆವು. ನೋಡಬಾರದು ಅಂದುಕೊಂಡರೂ ಎಲ್ಲರ ಕಣ್ಣು ಅಲ್ಲೇ. ಕೊಟ್ರಯ್ಯನವರ ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಮೊದಲು ಹಣೆಯದು ಎದ್ದಿತು. ಸಾಹೇಬರು ಒಮ್ಮೆಲೇ ಎದ್ದು ನಿಂತರು. ಕಿವಿಯ ಹತ್ತಿರದ್ದು ಹಲಗೆಯಿಂದ ಬಿಡಿಸಿಕೊಂಡು ಸುತ್ತಿತು. ನೆತ್ತಿಯದು ಒಂದಾದ ಮೇಲೊಂದು, ನಿದ್ದೆಯಿಂದ ಎದ್ದವರ ಹಾಗೆ. ತಲೆಯೇ ತುಸು ಅಲುಗಿದಂತೆ ಕಂಡಿತು. ಬರೀ ಕಂಡಿತೋ, ಅಲುಗಿತೋ, ನಾನು ಆಣೆ ಮಾಡಿ ಹೇಳಲಾರೆ. ಡಾಕ್ಟರು ಬೇರೆ ಕಡೆ ನೋಡಿದರು.

“ಹೌದ್ರಿ” ಎಂದಳು ಅಕ್ಕನಾಗಮ್ಮ. “ಇವ ಸಿದ್ದಲಿಂಗೇಶ. ಬರಕೊಳ್ರಿ.”

ಲಿಂಗರಾಜ್ ಹೊಸ ಹಾಳೆ ತೆಗೆದ. “ಗುಂಗುರು ಕೂದಲು... ಉದ್ದ ಎಷ್ಟಂತ ಬರೀಲಿ?”

“ಉದ್ದ ಬರೀಬ್ಯಾಡ್ರಿ. ನೀರಾಗ ಒಂದು, ಬಿಸಲಾಗ ಒಂದು. ಹೆಸರು ಬರೀರಿ, ಸಾಕು.”

ಕೆಂಚಣ್ಣ ಒತ್ತಿನಲ್ಲೇ, ಸ್ವಲ್ಪ ಎತ್ತರದ ಜಾಗದಲ್ಲಿ, ಚೌಕದ ಗುಣಿ ತೋಡಿದ. ಕೂರಿಸುವುದು ಸುಲಭವಿರಲಿಲ್ಲ. ಹಲಗೆಯ ತುಂಡು ಬೆನ್ನಿಗೆ ಕೊಟ್ಟು ಬಟ್ಟೆಯಿಂದ ಬಿಗಿದರೂ ತಲೆ ನಿಲ್ಲಲಿಲ್ಲ. ಯಾರಾದರೂ ಒಳಗಿಳಿದು ಹಿಂದಿನಿಂದ ಹಿಡಿಯಬೇಕಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಇಳಿದೆ. ಅವನನ್ನು ಎದೆಗೆ ಆನಿಸಿಕೊಂಡು, ಎರಡೂ ಕೈ ಕಂಕುಳ ಕೆಳಗೆ ಕೊಟ್ಟು ನೆಟ್ಟಗೆ ಕೂರಿಸಿದೆ. ಕೊಟ್ರಯ್ಯನವರು ಮೇಲಿನಿಂದ ಬಗ್ಗಿ ವಿಭೂತಿ ಹಚ್ಚತೊಡಗಿದರು. ಅಕ್ಕನಾಗಮ್ಮ, “ಅಲ್ಲಾಡಬ್ಯಾಡ, ಸಿದ್ದೂ” ಎಂದಳು. ನಾನೂ ಅಲ್ಲಾಡಲಿಲ್ಲ. ನನ್ನ ಗದ್ದದ ಕೆಳಗೆ, ಕೊರಳಿಗೆ ತಾಗಿಕೊಂಡು, ಅವನ ಕೂದಲು ಇನ್ನೂ ಒಣಗುತ್ತಿತ್ತು.